ವಿಎಸ್ ಕೋಡ್: ಫೈಲ್ ಪಟ್ಟಿ ಮಾಯ, ಟರ್ಮಿನಲ್ ಬಲಕ್ಕೆ, ಟ್ಯಾಬ್ ಕೀ ಮುಷ್ಕರ

ಗೂಡುದೀಪ

ಉಬುಂಟು 22.04, ಕೋಡ್ ಬರೆಯಲು ವಿಎಸ್ ಕೋಡ್ ಎಡಿಟರ್, ಜೊತೆಗೆ ಪೈಥಾನ್ ಎಕ್ಸ್‌ಟೆನ್ಶನ್. ಇಷ್ಟು ದಿನ ಎಕ್ಲಿಪ್ಸ್ (ಇನ್ನೊಂದು ಕೋಡ್ ಎಡಿಟರ್) ಬಳಕೆ, ಹಾಗಾಗಿ ಈ ಪರದೆ ಇನ್ನೂ ಕೈಗೆ ಹತ್ತಿಲ್ಲ. ಕನ್ನಡ ಟೈಪಿಂಗ್‌ಗೆ ಐಬಸ್ ಹಾಕಿದೆ. ತೊಂದರೆಗಳು ಇವು:

1. ಎಡಗಡೆಯ ಐಕಾನ್ ಪಟ್ಟಿಯೂ ಇಲ್ಲ, ಫೈಲ್‌ಗಳ ಪಟ್ಟಿಯೂ ಇಲ್ಲ. ಕೆಳಗಿರಬೇಕಾದ ಟರ್ಮಿನಲ್ ಬಲಗಡೆ ನಿಂತಿದೆ.
2. ಟ್ಯಾಬ್ ಒತ್ತಿದರೆ ಸಾಲು ಒಳಕ್ಕೆ ಸರಿಯದೆ ಕರ್ಸರ್ ಬೇರೆಲ್ಲೋ ಹೋಗುತ್ತದೆ.
3. ಫೈಲ್ ಪಟ್ಟಿ ಇದ್ದಾಗಲೂ, ಒಂದು ಫೈಲ್ ನೋಡುತ್ತಿರುವಾಗ ಅದರಲ್ಲಿ ಇನ್ನೊಂದನ್ನು ಕ್ಲಿಕ್ ಮಾಡಿದರೆ ಮೊದಲನೆಯದರ ಟ್ಯಾಬ್ ಹೋಗಿಬಿಡುತ್ತಿತ್ತು.
4. ಕ್ವಿಕ್ ಫಿಕ್ಸ್‌ಗೆಂದು (ತಪ್ಪಿಗೆ ಎಡಿಟರ್ ಸೂಚಿಸುವ ತಿದ್ದುಪಡಿ) ಕಂಟ್ರೋಲ್+. ಒತ್ತಿದರೆ ಅಡಿಗೆರೆ ಹಾಕಿದ ಇಂಗ್ಲಿಷ್ 'ಇ' ಅಕ್ಷರ ಬರುತ್ತದೆ.
5. ಮೇಲಿನ ಪ್ಲೇ ಬಟನ್ ಒತ್ತಿದರೆ ಸ್ಕ್ರಿಪ್ಟ್ ಓಡುತ್ತದೆ, ಆದರೆ ಅದರ ಪಕ್ಕದಲ್ಲೇ ಇರುವ ಸಿಎಸ್‌ವಿ ಫೈಲ್ ಸಿಗುವುದಿಲ್ಲ ಎಂಬ ಎರರ್.

ಹೋಮ್ ಫೋಲ್ಡರಿನ ಒಳಗೆ ಡಾಟ್ ಕಾನ್ಫಿಗ್‌ನಲ್ಲಿರುವ 'ಕೋಡ್' ಫೋಲ್ಡರನ್ನೇ ಅಳಿಸಿ ಹೊಸದಾಗಿ ಶುರು ಮಾಡಿದರೆ ಎಲ್ಲ ಸರಿಹೋಗುತ್ತದೆಯೇ?

ಕಡಲೆಪುರಿ

ಅಳಿಸಿ. ಎರಡು ನಿಮಿಷದ ಕೆಲಸ. ಒಂದೊಂದನ್ನೇ ಹುಡುಕುತ್ತಾ ಕೂತರೆ ಸಂಜೆಯಾಗುತ್ತದೆ.

ಬಳಪ

ದಯವಿಟ್ಟು ಅಳಿಸಬೇಡಿ. ಆ ಫೋಲ್ಡರಿನಲ್ಲಿ ಸೆಟ್ಟಿಂಗ್ಸ್, ಶಾರ್ಟ್‌ಕಟ್‌ಗಳು, ಸ್ನಿಪೆಟ್‌ಗಳಷ್ಟೇ ಇರುವುದಲ್ಲ. ವಿಎಸ್ ಕೋಡ್ ಮುಚ್ಚಿದಾಗ ಸೇವ್ ಆಗದೆ ಉಳಿದ ಫೈಲ್‌ಗಳ ಪ್ರತಿ 'ಬ್ಯಾಕಪ್ಸ್'ನಲ್ಲಿ, ಪ್ರತಿ ಸೇವ್‌ನ ಹಳೆಯ ಪ್ರತಿ 'ಯೂಸರ್' ಒಳಗಿನ 'ಹಿಸ್ಟರಿ'ಯಲ್ಲಿ ಇರುತ್ತವೆ. ಗಿಟ್‌ಗೆ (ಕೋಡಿನ ಆವೃತ್ತಿಗಳನ್ನು ಕಾಪಾಡುವ ಸಾಧನ) ಕಮಿಟ್ ಆಗದ, ಅಂದರೆ ದಾಖಲಾಗದ ಕೆಲಸಕ್ಕೆ ಕೆಲವೊಮ್ಮೆ ಅದೊಂದೇ ಗತಿ. ಇನ್ನು ಎಕ್ಸ್‌ಟೆನ್ಶನ್‌ಗಳು ಹೋಮ್‌ನ ಡಾಟ್ ವಿಎಸ್‌ಕೋಡ್ ಫೋಲ್ಡರಿನಲ್ಲಿ ಬೇರೆಯೇ ಕೂತಿರುತ್ತವೆ. ಕಿರಿಕಿರಿ ಎಕ್ಸ್‌ಟೆನ್ಶನ್‌ನದಾಗಿದ್ದರೆ ಇದನ್ನು ಅಳಿಸಿಯೂ ಅದು ಹಾಗೇ ಉಳಿಯುತ್ತದೆ.

'ಹೊಸ ವಿಎಸ್ ಕೋಡ್‌ನಲ್ಲಿ ಇದು ಸರಿಯಾಗಿರುತ್ತದಾ' ಎಂದು ನೋಡಬೇಕಿದ್ದರೆ ಟರ್ಮಿನಲ್‌ನಿಂದ ಕೋಡ್ ಕಮಾಂಡಿಗೆ 'ಯೂಸರ್ ಡೇಟಾ ಡಿರ್' (--user-data-dir) ಆಯ್ಕೆ ಕೊಟ್ಟು, ಟೆಂಪ್‌ನಲ್ಲಿ ಒಂದು ಖಾಲಿ ಫೋಲ್ಡರ್ ತೋರಿಸಿ ಓಡಿಸಿ. ಹಳೆಯದಕ್ಕೆ ಏನೂ ಆಗುವುದಿಲ್ಲ.

ಈಗ ಪರದೆ. ನಿಮಗೆ ಆಗಿರುವುದು ಕೆಡುಕಲ್ಲ, ಭಾಗಗಳು ಅಡಗಿವೆ ಅಷ್ಟೆ. ಮೊದಲು ಎಸ್ಕೇಪ್ ಕೀಯನ್ನು ಎರಡು ಸಲ ಒತ್ತಿ. ಕಂಟ್ರೋಲ್+ಕೆ ಆದಮೇಲೆ ಝಡ್ ತಗುಲಿದರೆ ಝೆನ್ ಮೋಡ್ ಬರುತ್ತದೆ, ಅದರಲ್ಲಿ ಎಲ್ಲವೂ ಮರೆಯಾಗುತ್ತದೆ. ಎರಡು ಎಸ್ಕೇಪ್‌ಗೆ ಅದು ಬಿಡುತ್ತದೆ. ನಿಮ್ಮಲ್ಲಿ ಟರ್ಮಿನಲ್ ಕಾಣುತ್ತಿದೆ ಎಂದರೆ ಬಹುಶಃ ಅದಲ್ಲ.

ಕಂಟ್ರೋಲ್+ಬಿ ಫೈಲ್ ಪಟ್ಟಿಯಿರುವ ಸೈಡ್ ಬಾರನ್ನು ಅಡಗಿಸುತ್ತದೆ, ತರುತ್ತದೆ. ದಪ್ಪಕ್ಷರ ಮಾಡುವ ಅಭ್ಯಾಸದಲ್ಲಿ ಎಲ್ಲರೂ ಒಮ್ಮೆ ಒತ್ತುವ ಕೀ ಇದು. ಕಂಟ್ರೋಲ್+ಜೆ ಕೆಳಗಿನ ಪ್ಯಾನೆಲ್‌ಗೆ ಅದೇ ಕೆಲಸ ಮಾಡುತ್ತದೆ. ಐಕಾನ್ ಪಟ್ಟಿ ಅಂದರೆ ಆಕ್ಟಿವಿಟಿ ಬಾರ್ ಮಾತ್ರ ಬೇರೆ: ವ್ಯೂ ಮೆನು, ಅಪಿಯರೆನ್ಸ್, ಆಕ್ಟಿವಿಟಿ ಬಾರ್ ಪೊಸಿಷನ್. ಅಲ್ಲಿ 'ಹಿಡನ್' ಇದ್ದರೆ 'ಡಿಫಾಲ್ಟ್' ಮಾಡಿ. ಪಟ್ಟಿ ಬಂದು ಯಾವುದೋ ಒಂದು ಐಕಾನ್ ಮಾತ್ರ ಕಾಣದಿದ್ದರೆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ಆ ಹೆಸರಿಗೆ ಟಿಕ್ ಹಾಕಿ. ಐಕಾನ್ ಇಲ್ಲದಾಗಲೂ ಕಂಟ್ರೋಲ್+ಶಿಫ್ಟ್+ಇ ಎಕ್ಸ್‌ಪ್ಲೋರರನ್ನು ತೆರೆಯುತ್ತದೆ.

ಟರ್ಮಿನಲ್ ಇರುವ ಪ್ಯಾನೆಲ್‌ನ ತಲೆಪಟ್ಟಿಯ ಮೇಲೆ ರೈಟ್ ಕ್ಲಿಕ್, ಪ್ಯಾನೆಲ್ ಪೊಸಿಷನ್, ಬಾಟಮ್. ಆದರೆ ಬಲಗಡೆ ಇರುವುದು ಪ್ಯಾನೆಲ್ ಅಲ್ಲದೆ ಎರಡನೆಯ ಸೈಡ್ ಬಾರ್ ಆಗಿರಲೂಬಹುದು. ಯಾವ ವ್ಯೂವನ್ನಾದರೂ ಎಳೆದು ಅಲ್ಲಿ ಬಿಡಲು ಬರುತ್ತದೆ. ಹಾಗಾಗಿದ್ದರೆ ಕಂಟ್ರೋಲ್+ಶಿಫ್ಟ್+ಪಿ ಒತ್ತಿ ಕಮಾಂಡ್ ಪ್ಯಾಲೆಟ್ (ಹೆಸರು ಟೈಪಿಸಿ ಕಮಾಂಡ್ ಓಡಿಸುವ ಪೆಟ್ಟಿಗೆ) ತೆರೆದು 'ವ್ಯೂ: ರೀಸೆಟ್ ವ್ಯೂ ಲೊಕೇಶನ್ಸ್' ಓಡಿಸಿ, ಎಳೆದಾಡಿದ್ದೆಲ್ಲ ತನ್ನ ತನ್ನ ಜಾಗಕ್ಕೆ ಮರಳುತ್ತದೆ, ಸೆಟ್ಟಿಂಗ್ಸ್‌ಗೆ ಕೈ ಹಾಕುವುದಿಲ್ಲ.

ಟ್ಯಾಬ್ ಕೀ: ಕಂಟ್ರೋಲ್+ಎಂ ತಗುಲಿದೆ. ಮೌಸ್ ಬಳಸದವರು ಟ್ಯಾಬ್‌ನಿಂದಲೇ ಪರದೆಯ ಭಾಗಗಳ ನಡುವೆ ಓಡಾಡಲಿ ಎಂದು ಇಟ್ಟ ಸೌಲಭ್ಯ ಅದು. ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ 'ಟ್ಯಾಬ್ ಮೂವ್ಸ್ ಫೋಕಸ್' ಎಂದು ಬರೆದಿರುತ್ತದೆ, ನೋಡಿ. ಅದರ ಮೇಲೆ ಕ್ಲಿಕ್ ಮಾಡಿದರೂ ಸಾಕು, ಕಂಟ್ರೋಲ್+ಎಂ ಮತ್ತೊಮ್ಮೆ ಒತ್ತಿದರೂ ಸಾಕು.

ಮೂರನೆಯದು ದೋಷವಲ್ಲ. ಹೆಸರು ಓರೆ ಅಕ್ಷರದಲ್ಲಿ ಇರುವ ಟ್ಯಾಬ್ ಬರೀ ಇಣುಕುನೋಟ. ಪಟ್ಟಿಯಲ್ಲಿ ಒಂದು ಕ್ಲಿಕ್‌ಗೆ ಅದು ತೆರೆಯುತ್ತದೆ, ಮುಂದಿನ ಕ್ಲಿಕ್ ಅದೇ ಟ್ಯಾಬನ್ನು ಬಳಸಿಕೊಳ್ಳುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಅಥವಾ ಒಂದು ಅಕ್ಷರ ತಿದ್ದಿದರೆ ಟ್ಯಾಬ್ ಉಳಿಯುತ್ತದೆ. ಬೇಡವೇ ಬೇಡ ಎಂದರೆ ಕಂಟ್ರೋಲ್+, ಒತ್ತಿ ಸೆಟ್ಟಿಂಗ್ಸ್‌ನಲ್ಲಿ 'ಎನೇಬಲ್ ಪ್ರಿವ್ಯೂ' ಹುಡುಕಿ ಟಿಕ್ ತೆಗೆಯಿರಿ. ನನ್ನ ಸಲಹೆ, ತೆಗೆಯಬೇಡಿ; ಕೋಡ್ ಓದುತ್ತಾ ಹೋದಾಗ ಅರ್ಧ ಗಂಟೆಯಲ್ಲಿ ನಲವತ್ತು ಟ್ಯಾಬ್ ಸಾಲುಗಟ್ಟುತ್ತವೆ.

ಒತ್ತಕ್ಷರ

ನಾಲ್ಕನೆಯದರಲ್ಲಿ ವಿಎಸ್ ಕೋಡ್‌ನ ತಪ್ಪೇ ಇಲ್ಲ. ಕಂಟ್ರೋಲ್+. ಐಬಸ್‌ನ ಎಮೋಜಿ ಶಾರ್ಟ್‌ಕಟ್. ಕೀ ವಿಎಸ್ ಕೋಡ್‌ಗೆ ತಲುಪುವ ಮೊದಲೇ ಐಬಸ್ ನುಂಗುತ್ತದೆ. ಟರ್ಮಿನಲ್‌ನಲ್ಲಿ 'ಐಬಸ್-ಸೆಟಪ್' ಓಡಿಸಿ, ಎಮೋಜಿ ಎಂಬ ಟ್ಯಾಬ್‌ಗೆ ಹೋಗಿ ಅಲ್ಲಿರುವ ಶಾರ್ಟ್‌ಕಟ್ ಅಳಿಸಿ. ಪಕ್ಕದಲ್ಲೇ ಯೂನಿಕೋಡ್ ಕೋಡ್ ಪಾಯಿಂಟ್‌ಗೆ ಕಂಟ್ರೋಲ್+ಶಿಫ್ಟ್+ಯು ಇರುತ್ತದೆ. ವಿಂಡೋಸ್‌ನ ವಿಎಸ್ ಕೋಡ್‌ನಲ್ಲಿ ಅದು ಔಟ್‌ಪುಟ್ ಪ್ಯಾನೆಲ್ ತೆರೆಯುವ ಕೀ, ಆದರೆ ಲಿನಕ್ಸ್‌ನಲ್ಲಿ ಆ ಕೆಲಸಕ್ಕೆ ಕಂಟ್ರೋಲ್+ಕೆ, ಕಂಟ್ರೋಲ್+ಎಚ್ ಇದೆ, ಹಾಗಾಗಿ ಇಲ್ಲಿ ಅದನ್ನು ತೆಗೆಯಬೇಕಿಲ್ಲ.

ಕನ್ನಡ ಟೈಪ್ ಮಾಡುವವರಿಗೆ ಈ ಜಾತಿಯ ಘರ್ಷಣೆ ಇನ್ನೂ ಇವೆ. ಮ್ಯಾಕ್‌ನಲ್ಲಿ ಎರಡು ಭಾಷೆಯ ಕೀಬೋರ್ಡ್ ಹಾಕಿದ್ದರೆ ಕಂಟ್ರೋಲ್+ಸ್ಪೇಸ್ ಭಾಷೆ ಬದಲಿಸುತ್ತದೆ, ಕೋಡ್ ಸಲಹೆಗಳ ಪಟ್ಟಿ ಬರುವುದೇ ಇಲ್ಲ. ಲಿನಕ್ಸ್‌ನಲ್ಲಿ ಐಬಸ್ ಬದಲು ಎಫ್‌ಸಿಐಟಿಎಕ್ಸ್ ಇದ್ದರೂ ಅದೇ ಕೀ, ಅದೇ ಕಥೆ. ಕೀಬೋರ್ಡ್ ಕನ್ನಡದಲ್ಲಿ ಉಳಿದಿರುವಾಗ ಕಮಾಂಡ್ ಪ್ಯಾಲೆಟ್ ತೆರೆದು ಟೈಪಿಸಿದರೆ 'ನೋ ಮ್ಯಾಚಿಂಗ್ ಕಮಾಂಡ್ಸ್' ಎನ್ನುತ್ತದೆ, ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ ಇರುವುದರಿಂದ. ಸೂಪರ್+ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ.

ಯಾವ ಕೀಯನ್ನು ಯಾರು ಹಿಡಿದರು ಎಂದು ಊಹಿಸುವುದು ಬೇಡ. ಪ್ಯಾಲೆಟ್‌ನಲ್ಲಿ 'ಡೆವಲಪರ್: ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್' ಓಡಿಸಿ, ಆಮೇಲೆ ತೊಂದರೆಯ ಕೀ ಒತ್ತಿ. ಔಟ್‌ಪುಟ್ ಪ್ಯಾನೆಲ್‌ನಲ್ಲಿ ಆ ಕೀಗೆ ಯಾವ ಕಮಾಂಡ್ ಸಿಕ್ಕಿತು ಎಂಬ ಸಾಲು ಬರುತ್ತದೆ. ಸಾಲೇ ಬರದಿದ್ದರೆ ಕೀ ಒಳಗೆ ಬಂದೇ ಇಲ್ಲ, ಆಪರೇಟಿಂಗ್ ಸಿಸ್ಟಮ್ ಕಡೆ ನೋಡಿ. ಬಂದು ಬೇರೆ ಕಮಾಂಡ್ ತೋರಿಸಿದರೆ ಯಾವುದೋ ಎಕ್ಸ್‌ಟೆನ್ಶನ್ ಅದನ್ನು ಕಿತ್ತುಕೊಂಡಿದೆ; ಕಂಟ್ರೋಲ್+ಕೆ, ಕಂಟ್ರೋಲ್+ಎಸ್ ಒತ್ತಿ ಶಾರ್ಟ್‌ಕಟ್ ಪಟ್ಟಿ ತೆರೆದು, 'ರೆಕಾರ್ಡ್ ಕೀಸ್' ಬಟನ್ ಒತ್ತಿ ಅದೇ ಕೀಯಿಂದ ಹುಡುಕಿ. ಕೆಲಸ ಮುಗಿದ ಮೇಲೆ ಅದೇ ಡೆವಲಪರ್ ಕಮಾಂಡನ್ನು ಇನ್ನೊಮ್ಮೆ ಓಡಿಸಿ ನಿಲ್ಲಿಸಿ.

ಸುತ್ತೋಲೆ

ಎಕ್ಲಿಪ್ಸ್‌ನಿಂದ ಬರುವವರಿಗೆ ಒಂದು ಮಾತು. ಇಲ್ಲಿ ಪರ್ಸ್‌ಪೆಕ್ಟಿವ್ (ಕೆಲಸಕ್ಕೆ ತಕ್ಕಂತೆ ಬದಲಾಗುವ ಪರದೆಯ ಜೋಡಣೆ) ಎಂಬುದಿಲ್ಲ. ಡೀಬಗ್ (ತಪ್ಪು ಹುಡುಕಲು ಕೋಡನ್ನು ನಿಲ್ಲಿಸುತ್ತಾ ಓಡಿಸುವುದು) ಶುರುವಾದರೆ ಪರದೆಯೇ ಬದಲಾಗುತ್ತದೆ ಎಂದು ಕಾಯಬೇಡಿ. ಡೀಬಗ್ ಕೂಡ ಎಡಗಡೆಯ ಒಂದು ವ್ಯೂ, ಕಂಟ್ರೋಲ್+ಶಿಫ್ಟ್+ಡಿ. ವರ್ಕ್‌ಸ್ಪೇಸ್ ಎಂಬ ಪದವೂ ಬೇರೆ: ಇಲ್ಲಿ ನೀವು ತೆರೆದ ಫೋಲ್ಡರೇ ವರ್ಕ್‌ಸ್ಪೇಸ್. ಒಂದೇ ಫೈಲ್ ತೆರೆದು ಕೂತರೆ ಎಕ್ಸ್‌ಪ್ಲೋರರ್ ಖಾಲಿ, ಲಾಂಚ್ ಸೆಟ್ಟಿಂಗ್ (ಡೀಬಗ್ ಹೇಗೆ ಓಡಬೇಕು ಎಂಬ ವಿವರ) ಉಳಿಸಲು ಜಾಗವೂ ಇಲ್ಲ. ಪ್ರಾಜೆಕ್ಟಿನ ಬೇರು ಫೋಲ್ಡರನ್ನು ಕಂಟ್ರೋಲ್+ಕೆ, ಕಂಟ್ರೋಲ್+ಓ ಇಂದ ತೆರೆಯಿರಿ. 'ರಿಸ್ಟ್ರಿಕ್ಟೆಡ್ ಮೋಡ್' ಎಂದು ಕಂಡರೆ ಡೀಬಗ್, ಟಾಸ್ಕ್, ಕೆಲವು ಎಕ್ಸ್‌ಟೆನ್ಶನ್‌ಗಳು ನಿಂತಿರುತ್ತವೆ. ಕೋಡ್ ನಿಮ್ಮದೇ ಆದರೆ ನಂಬಿಕೆ ಕೊಡಿ, ಎಲ್ಲಿಂದಲೋ ಇಳಿಸಿದ್ದಾದರೆ ಮೊದಲು ಓದಿ.

ಕೈಗೆ ಅಭ್ಯಾಸವಾದ ಕೀಗಳ ಬದಲಿ ಹೀಗೆ. ಎಕ್ಲಿಪ್ಸ್‌ನ ಓಪನ್ ರಿಸೋರ್ಸ್ (ಫೈಲ್ ಹುಡುಕುವುದು) ಇಲ್ಲಿ ಕಂಟ್ರೋಲ್+ಪಿ. ಓಪನ್ ಟೈಪ್ (ಕ್ಲಾಸ್ ಹುಡುಕುವುದು) ಇಲ್ಲಿ ಕಂಟ್ರೋಲ್+ಟಿ. ಫೈಲಿನೊಳಗಿನ ಔಟ್‌ಲೈನ್ ಕಂಟ್ರೋಲ್+ಶಿಫ್ಟ್+ಓ. ಒಂದು ಹೆಸರಿನ ಮೂಲ ವ್ಯಾಖ್ಯಾನಕ್ಕೆ ಹೋಗಲು ಎಫ್3 ಬದಲು ಎಫ್12, ಆ ಹೆಸರನ್ನು ಬಳಸಿದ ಜಾಗಗಳಿಗೆ ಶಿಫ್ಟ್+ಎಫ್12. ಹೋದ ದಾರಿಯಲ್ಲೇ ವಾಪಸ್ ಬರಲು ಲಿನಕ್ಸ್‌ನಲ್ಲಿ ಕಂಟ್ರೋಲ್+ಆಲ್ಟ್+ಮೈನಸ್. ವಿಂಡೋಸ್‌ನ ಆಲ್ಟ್+ಎಡಬಾಣ ಇಲ್ಲಿ ನಡೆಯುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಕೈ ಒಗ್ಗದಿದ್ದರೆ 'ಎಕ್ಲಿಪ್ಸ್ ಕೀಮ್ಯಾಪ್' ಎಂಬ ಎಕ್ಸ್‌ಟೆನ್ಶನ್ ಇದೆ. ಆದರೆ ಅದನ್ನು ಹಾಕಿದರೆ ಮೇಲೆ ಬಳಪ ಹೇಳಿದ ಕೀಗಳಲ್ಲಿ ಕೆಲವು ಬದಲಾಗುತ್ತವೆ, ಯಾರದಾದರೂ ಸಹಾಯ ಕೇಳುವಾಗ ಅದನ್ನು ಹೇಳಿಬಿಡಿ.

ಕಂಟ್ರೋಲ್+ಪಿ ಪೆಟ್ಟಿಗೆ ಒಂದನ್ನು ಚೆನ್ನಾಗಿ ತಿಳಿದುಕೊಂಡರೆ ಮೆನು ಹುಡುಕುವುದೇ ತಪ್ಪುತ್ತದೆ. ಬರೀ ಹೆಸರು ಹೊಡೆದರೆ ಫೈಲ್; ಹೆಸರಿನ ತುಣುಕುಗಳು ಸಾಕು. ಮೊದಲಿಗೆ > ಇಟ್ಟರೆ ಅದೇ ಕಮಾಂಡ್ ಪ್ಯಾಲೆಟ್. @ ಇಟ್ಟರೆ ಈ ಫೈಲಿನ ಫಂಕ್ಷನ್‌ಗಳು, @: ಎಂದರೆ ಅವೇ ಬಗೆಬಗೆಯಾಗಿ ಗುಂಪಾಗಿ. # ಇಟ್ಟರೆ ಇಡೀ ಪ್ರಾಜೆಕ್ಟಿನ ಹೆಸರುಗಳು. :120 ಎಂದರೆ 120ನೇ ಸಾಲು. ಇವೆಲ್ಲ ಮರೆತರೆ ? ಒಂದು ಹೊಡೆಯಿರಿ, ಪಟ್ಟಿಯನ್ನೇ ಕೊಡುತ್ತದೆ.

ಗೂಡುದೀಪ

ಆಕ್ಟಿವಿಟಿ ಬಾರ್ 'ಹಿಡನ್' ಆಗಿತ್ತು, ಸರಿಯಾಯಿತು. ಟರ್ಮಿನಲ್ ಕೆಳಕ್ಕೆ ಬಂತು. ಟ್ಯಾಬ್, ಕಂಟ್ರೋಲ್+. ಎರಡೂ ಸರಿ. ಸಿಎಸ್‌ವಿ ಎರರ್ ಮಾತ್ರ ಹಾಗೇ ಇದೆ. ಸ್ಕ್ರಿಪ್ಟ್ ಮತ್ತು ಸಿಎಸ್‌ವಿ ಎರಡೂ 'ವರದಿ' ಎಂಬ ಒಳಫೋಲ್ಡರಿನಲ್ಲಿವೆ. ಇನ್ನೊಂದು: ಕನ್ನಡ ಸ್ಟ್ರಿಂಗ್‌ಗಳಲ್ಲಿ ಕೆಲವು ಅಕ್ಷರಗಳ ನಡುವೆ ಹಳದಿ ಚೌಕ ಬರುತ್ತದೆ. ಉದಾಹರಣೆಗೆ 'ರಾಜ್‌ಕುಮಾರ್' ಎಂಬಲ್ಲಿ.

ಒತ್ತಕ್ಷರ

ಹಳದಿ ಚೌಕ ಇರುವುದು 'ಜ್' ಮತ್ತು 'ಕು' ನಡುವೆ ಅಲ್ಲವೇ? ಅಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರವಿದೆ, ಝಡ್‌ಡಬ್ಲ್ಯುಎನ್‌ಜೆ, ಯೂನಿಕೋಡ್ ಸಂಖ್ಯೆ 200ಸಿ. 'ಕ' ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದೇ. ಕಾಣದ ಅಕ್ಷರ ಬಳಸಿ ಕೋಡಿನಲ್ಲಿ ಮೋಸ ಅಡಗಿಸಬಹುದಾದ್ದರಿಂದ ವಿಎಸ್ ಕೋಡ್ ಅಂಥವನ್ನೆಲ್ಲ ಗುರುತು ಮಾಡುತ್ತದೆ. ನಿಮ್ಮ ಸ್ಟ್ರಿಂಗ್ ಸರಿಯಾಗಿಯೇ ಇದೆ, ಅಳಿಸಿದರೆ ಹೆಸರು ಕೆಡುತ್ತದೆ. ಚೌಕದ ಮೇಲೆ ಮೌಸ್ ಇಟ್ಟು, ಬರುವ ಪೆಟ್ಟಿಗೆಯಲ್ಲಿ ಹೊಂದಿಸುವ ಕೊಂಡಿ ಒತ್ತಿ ಆ ಒಂದು ಅಕ್ಷರಕ್ಕೆ ಮಾತ್ರ ವಿನಾಯಿತಿ ಕೊಡಿ. ಇಡೀ ಎಚ್ಚರಿಕೆಯನ್ನೇ ಆಫ್ ಮಾಡಬೇಡಿ. ಏಕೆಂದರೆ ಇದೇ ಅಕ್ಷರ ಡಿಕ್ಷನರಿ ಕೀಯಲ್ಲೋ ಫೈಲ್ ಹೆಸರಿನಲ್ಲೋ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎರಡು 'ರಾಜ್‌ಕುಮಾರ್' ಸಮ ಅಲ್ಲ ಎನ್ನುತ್ತದೆ ಪೈಥಾನ್, ಆಗ ಆ ಚೌಕವೇ ಸುಳಿವು.

ಟರ್ಮಿನಲ್‌ನಲ್ಲಿ ಪ್ರಿಂಟ್ ಮಾಡಿದಾಗ ಒತ್ತಕ್ಷರ ಒಡೆದು ಕಂಡರೆ ಗಾಬರಿ ಬೇಡ. ಟರ್ಮಿನಲ್ ಪ್ರತಿ ಅಕ್ಷರವನ್ನು ಸಮ ಅಗಲದ ಖಾನೆಯಲ್ಲಿ ಕೂರಿಸುತ್ತದೆ, ಕನ್ನಡ ಅದಕ್ಕೆ ಬಗ್ಗುವುದಿಲ್ಲ. ಫೈಲಿಗೆ ಬರೆದು ಎಡಿಟರ್‌ನಲ್ಲಿ ತೆರೆದು ನೋಡಿ.

ಬಳಪ

ಸಿಎಸ್‌ವಿ: ಪ್ಲೇ ಬಟನ್ ಸ್ಕ್ರಿಪ್ಟನ್ನು ಟರ್ಮಿನಲ್‌ನಲ್ಲಿ ಓಡಿಸುತ್ತದೆ, ಆ ಟರ್ಮಿನಲ್ ನಿಂತಿರುವುದು ನೀವು ತೆರೆದ ಬೇರು ಫೋಲ್ಡರಿನಲ್ಲಿ. ಸ್ಕ್ರಿಪ್ಟ್ ಇರುವುದು 'ವರದಿ' ಒಳಗೆ. ಬರೀ ಫೈಲ್ ಹೆಸರು ಕೊಟ್ಟರೆ ಪೈಥಾನ್ ಹುಡುಕುವುದು ತಾನು ನಿಂತ ಜಾಗದಲ್ಲಿ, ಸ್ಕ್ರಿಪ್ಟ್ ಇರುವ ಜಾಗದಲ್ಲಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಎಕ್ಸಿಕ್ಯೂಟ್ ಇನ್ ಫೈಲ್ ಡಿರ್' ಹುಡುಕಿ ಟಿಕ್ ಹಾಕಿ. ಹಾಕುವಾಗ ಮೇಲೆ 'ಯೂಸರ್', 'ವರ್ಕ್‌ಸ್ಪೇಸ್' ಎಂಬ ಎರಡು ಟ್ಯಾಬ್ ಇರುತ್ತವೆ, ವರ್ಕ್‌ಸ್ಪೇಸ್‌ನಲ್ಲಿ ಹಾಕಿ. ಎರಡರಲ್ಲೂ ಬೇರೆ ಬೇರೆ ಇದ್ದರೆ ನಡೆಯುವುದು ವರ್ಕ್‌ಸ್ಪೇಸ್‌ನದು. 'ಯೂಸರ್‌ನಲ್ಲಿ ಬದಲಿಸಿದರೂ ಏನೂ ಆಗುತ್ತಿಲ್ಲ' ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಆ ಟಿಕ್ ಪ್ಲೇ ಬಟನ್‌ನ ರನ್‌ಗೆ ಮಾತ್ರ. ಲಾಂಚ್ ಸೆಟ್ಟಿಂಗ್ ಬರೆದುಕೊಂಡು ಎಫ್5ನಿಂದ ಡೀಬಗ್ ಮಾಡಿದರೆ ಅದು ಈ ಟಿಕ್ ನೋಡುವುದಿಲ್ಲ. ಲಾಂಚ್ ಜೇಸನ್ ಫೈಲಿನಲ್ಲಿ 'ಸಿಡಬ್ಲ್ಯುಡಿ' (ಓಡುವಾಗ ನಿಲ್ಲುವ ಫೋಲ್ಡರ್) ಎಂಬ ಕೀ ಸೇರಿಸಿ, ಅದಕ್ಕೆ ಡಾಲರ್ ಗುರುತು ಮತ್ತು ಕರ್ಲಿ ಬ್ರಾಕೆಟ್‌ಗಳೊಳಗೆ 'ಫೈಲ್‌ಡಿರ್‌ನೇಮ್' ಕೊಡಿ. ನಡುವಿನ 'ಡಿ' ಮಾತ್ರ ದೊಡ್ಡಕ್ಷರ.

ಅದಾದಮೇಲೂ ಮಾಡ್ಯೂಲ್ ಸಿಗುವುದಿಲ್ಲ ಎಂದರೆ ಕೆಳಗೆ ಬಲಮೂಲೆಯ ಪೈಥಾನ್ ಆವೃತ್ತಿಯ ಮೇಲೆ ಕ್ಲಿಕ್ ಮಾಡಿ ನಿಮ್ಮ ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಪ್ರಾಜೆಕ್ಟಿಗೆಂದೇ ಬೇರೆ ಇಟ್ಟ ಪೈಥಾನ್) ಆಯ್ದುಕೊಳ್ಳಿ. ಪೈಥಾನ್ ಫೈಲ್ ತೆರೆದಿದ್ದಾಗ ಮಾತ್ರ ಅದು ಕಾಣುತ್ತದೆ. ಬ್ರೇಕ್‌ಪಾಯಿಂಟ್ (ಡೀಬಗ್‌ನಲ್ಲಿ ಕೋಡ್ ನಿಲ್ಲಬೇಕಾದ ಸಾಲಿನ ಗುರುತು) ಕೆಂಪಾಗಿರದೆ ಬೂದುಬಣ್ಣದ ಪೊಳ್ಳು ಚುಕ್ಕೆಯಾದರೆ ಆ ಸಾಲನ್ನು ಡೀಬಗರ್ ಒಪ್ಪಿಲ್ಲ ಎಂದರ್ಥ. ಲೈಬ್ರರಿಯ ಕೋಡಿನೊಳಗೆ ನಿಲ್ಲಿಸಬೇಕಿದ್ದರೆ ಅದೇ ಲಾಂಚ್ ಫೈಲಿನಲ್ಲಿ 'ಜಸ್ಟ್ ಮೈ ಕೋಡ್' ಅನ್ನು ಫಾಲ್ಸ್ ಮಾಡಿ.

ಕಡಲೆಪುರಿ

ಒಪ್ಪಿದೆ, ಅಳಿಸುವುದು ಬೇಡ. ಎಕ್ಸ್‌ಟೆನ್ಶನ್ ಮೇಲೆ ಅನುಮಾನ ಇದ್ದರೆ?

ಬಳಪ

ಪ್ಯಾಲೆಟ್‌ನಲ್ಲಿ 'ಹೆಲ್ಪ್: ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್'. ಅದು ಅರ್ಧದಷ್ಟು ಎಕ್ಸ್‌ಟೆನ್ಶನ್‌ಗಳನ್ನು ಆಫ್ ಮಾಡಿ 'ತೊಂದರೆ ಇನ್ನೂ ಇದೆಯಾ' ಎಂದು ಕೇಳುತ್ತದೆ, ಉತ್ತರ ನೋಡಿ ಮತ್ತೆ ಅರ್ಧ. 30 ಎಕ್ಸ್‌ಟೆನ್ಶನ್ ಇದ್ದರೂ ಐದಾರು ಸುತ್ತಿನಲ್ಲಿ ಹೆಸರು ಹೇಳುತ್ತದೆ. ನಡುವೆ ವಿಂಡೋ ತಾನೇ ರೀಲೋಡ್ ಆಗುತ್ತಿರುತ್ತದೆ, ಓಡುತ್ತಿರುವ ಕೆಲಸ ಟರ್ಮಿನಲ್‌ನಲ್ಲಿದ್ದರೆ ಮೊದಲು ಮುಗಿಸಿಕೊಳ್ಳಿ.