ಒಂದೇ ನಂಬರ್, ಎರಡು ಸಿಮ್: ನಮ್ಮಲ್ಲಿ ಯಾಕೆ ಇಲ್ಲ?

ಅಡಿಕೆತೋಟ: ತೀರ್ಥಹಳ್ಳಿ ಕಡೆಯವನು. ತೋಟಕ್ಕೆ ದೊಡ್ಡ ಫೋನ್ ಒಯ್ದರೆ ಮಳೆಗೆ ಹಾಳಾಗುತ್ತದೆ, ಮನೆಯಲ್ಲಿಟ್ಟರೆ ಮಂಡಿಯವರ ಕರೆ ತಪ್ಪುತ್ತದೆ. ಅದೇ ನಂಬರಿಗೆ ಇನ್ನೊಂದು ಸಿಮ್ ತಗೊಂಡು ಕೀಪ್ಯಾಡ್ ಫೋನಿಗೆ ಹಾಕಬಹುದಾ? ನೆಟ್ ಪ್ಯಾಕೂ ಒಂದೇ ಇದ್ದರೆ ಇನ್ನೂ ಒಳ್ಳೆಯದು.

ಬೆಂದಕಾಳೂರ: ನಾನೂ ಹಾಗೇ ಅಂದುಕೊಂಡು ಡೂಪ್ಲಿಕೇಟ್ ಸಿಮ್ ಮಾಡಿಸಿದೆ ಗುರು. ಹೊಸದು ಚಾಲೂ ಆಗುತ್ತಿದ್ದ ಹಾಗೆ ಹಳೆ ಫೋನಿನ ಟವರ್ ಕಡ್ಡಿ ಎಲ್ಲ ಮಾಯ. ಮೇಲಿಂದ 24 ಗಂಟೆ ಎಸ್‌ಎಂಎಸ್ ಬರಲಿಲ್ಲ, ಒಂದು ಒಟಿಪಿಗೆ ಒಂದು ದಿನ ಕಾದೆ.

ಮ್ಯೂನಿಕ್ ಮಾಣಿ: ಇಲ್ಲಿ ಜರ್ಮನಿಯಲ್ಲಿ ಇದು ಮಾಮೂಲಿ. ಟೆಲಿಕಾಂ ಕಂಪನಿಯ ಮಲ್ಟಿಸಿಮ್ ಇದೆ, ನಂಬರ್ ಒಂದೇ, ಪ್ಯಾಕೂ ಒಂದೇ, ಕರೆ ಬಂದರೆ ಎಲ್ಲ ಫೋನೂ ಒಟ್ಟಿಗೆ ಬಡಿದುಕೊಳ್ಳುತ್ತವೆ. ನಮ್ಮ ನಂಬರ್ ಸಿಮ್‌ನ ಒಳಗೆ ಕೂತಿರುವುದಲ್ಲ. ಸಿಮ್‌ಗೆ ಐಎಂಎಸ್‌ಐ ಅಂತ ಬೇರೆಯೇ ಗುರುತು ಇದೆ, ಯಾವ ಗುರುತು ಯಾವ ನಂಬರಿನದು ಅನ್ನುವುದು ಕಂಪನಿಯ ಲೆಕ್ಕದಲ್ಲಿರುತ್ತದೆ. ಒಂದು ನಂಬರಿಗೆ ಎರಡು ಗುರುತು ಜೋಡಿಸಿದರೆ ಮುಗಿಯಿತು. ನಮ್ಮವರು ಇನ್ನೊಂದು ರೀಚಾರ್ಜ್ ದುಡ್ಡಿನ ಆಸೆಗೆ ಕೊಡುವುದಿಲ್ಲ, ಅಷ್ಟೇ.

ರಿಪೇರಿ ರಾಯ: ಸುಮ್ನೆ ಕಂಪನಿ ಬೈದರೆ ಆಗಲಿಲ್ಲ. ನಮ್ಮಲ್ಲಿ ಬ್ಯಾಂಕ್, ಆಧಾರ್, ಗ್ಯಾಸ್ ಬುಕಿಂಗ್ ಎಲ್ಲ ಒಟಿಪಿ ಮೇಲೆ ನಿಂತಿದೆ. ಎರಡು ಕಡೆ ಒಟಿಪಿ ಬಂದರೆ ಗತಿ ಏನು?

ಮ್ಯೂನಿಕ್ ಮಾಣಿ: ಬರುವುದಿಲ್ಲ ಸಾರ್. ಎಸ್‌ಎಂಎಸ್ ಯಾವ ಸಿಮ್‌ಗೆ ಬರಬೇಕು ಅಂತ ನಾವೇ ಒಂದನ್ನು ಆರಿಸಿಡುತ್ತೇವೆ, ಅದಕ್ಕೆ ಮಾತ್ರ ಬರುತ್ತದೆ.

ರಿಪೇರಿ ರಾಯ: ಆ ಆಯ್ಕೆಯನ್ನೇ ಕಳ್ಳ ಬದಲಾಯಿಸಿದರೆ? ಈಗ ಯಾರಾದರೂ ನಿಮ್ಮ ಹೆಸರಲ್ಲಿ ಸಿಮ್ ತೆಗೆದರೆ ನಿಮ್ಮ ಫೋನ್ ಸತ್ತುಬಿಡುತ್ತದೆ, ಏನೋ ಆಗಿದೆ ಅಂತ ಗೊತ್ತಾಗುತ್ತದೆ. ಎರಡೂ ಓಡುತ್ತಿದ್ದರೆ ಖಾತೆ ಖಾಲಿ ಆಗುವ ತನಕ ನಿಮಗೆ ಸುಳಿವೇ ಇರುವುದಿಲ್ಲ.

ಬೆಂದಕಾಳೂರ: ಇದು ನನಗೆ ಹೊಳೆದಿರಲಿಲ್ಲ. ಆದರೆ ವಾಚಿಗೆ ಕೊಡ್ತಾರಲ್ಲ? ಜಿಯೋ, ಏರ್‌ಟೆಲ್ ಎರಡೂ 2018ರಿಂದ ಆ್ಯಪಲ್ ವಾಚಿಗೆ ಇಸಿಮ್‌ನಲ್ಲಿ (ವಾಚಿನ ಒಳಗೇ ಇರುವ ಸಿಮ್) ಅದೇ ನಂಬರ್ ಕೊಡುತ್ತಿವೆ. ಅಂದರೆ ಬರುತ್ತೆ ಇವರಿಗೆ, ದುಡ್ಡಿದ್ದವರಿಗೆ ಮಾತ್ರ!

ರಿಪೇರಿ ರಾಯ: ವಾಚು ನಿಮ್ಮ ಫೋನಿಗೆ ಜೋಡಿಯಾಗಿರುತ್ತದೆ ಮಾರಾಯ, ಬಿಡಿ ಸಿಮ್ ಅಲ್ಲ.

ಸಾಗರದ ಅಕ್ಕ: ಜಗಳ ಆಮೇಲೆ ಆಡಿ, ಕೇಳಿದವರಿಗೆ ಉತ್ತರ ಹೇಳಿ. ತಮ್ಮಾ, ಕೀಪ್ಯಾಡಿಗೆ ಕಡಿಮೆ ರೀಚಾರ್ಜಿನ ಬೇರೆ ಸಿಮ್ ಹಾಕು. ದೊಡ್ಡ ಫೋನಿನ ಕಾಲ್ ಸೆಟ್ಟಿಂಗ್‌ನಲ್ಲಿ ‘ಎತ್ತದಿದ್ದರೆ ಫಾರ್ವರ್ಡ್’ ಅಂತ ಇರುತ್ತದೆ, ಅಲ್ಲಿ ಆ ನಂಬರ್ ಕೊಡು. ಮನೆಯಲ್ಲಿ ಯಾರೂ ಎತ್ತದಿದ್ದರೆ ತೋಟದಲ್ಲಿ ರಿಂಗಾಗುತ್ತದೆ. ಒಟಿಪಿ ಮನೆ ಫೋನಿಗೇ ಬರುತ್ತದೆ. ನೆಟ್ ಮಾತ್ರ ಹಂಚಿಕೆ ಆಗುವುದಿಲ್ಲ, ಕೀಪ್ಯಾಡಿಗೆ ನೆಟ್ ಯಾಕೆ ಬೇಕು ಹೇಳು? ಇನ್ನೊಂದು, ಸ್ಟಾರ್ 401 ಒತ್ತಿ ಮುಂದೆ ಒಂದು ನಂಬರ್ ಹಾಕಿ ಅಂತ ಯಾರಾದರೂ ಅಪರಿಚಿತರು ಫೋನಲ್ಲಿ ಹೇಳಿದರೆ ಒತ್ತಬೇಡ. ನಿನ್ನ ಕರೆ ಎಲ್ಲ ಅವರ ನಂಬರಿಗೆ ಹೋಗುತ್ತದೆ.

ಅಡಿಕೆತೋಟ: ಮಾಡಿದೆ ಅಕ್ಕಾ. ಅಂಗಳದಲ್ಲಿ ನಿಂತು ಪರೀಕ್ಷಿಸಿದಾಗ ಸರಿಯಾಗಿ ಬಂತು. ತೋಟದ ತಗ್ಗಿಗೆ ಇಳಿದರೆ ಟವರ್ರೇ ಇಲ್ಲ, ಈಗ ಕೀಪ್ಯಾಡನ್ನು ಪಂಪ್‌ಹೌಸ್ ಕಿಟಕಿಗೆ ನೇತುಹಾಕಿದ್ದೇನೆ.