ಸಹಾಯ ಬೇಕು: ಕ್ರಿಸ್‌ಮಸ್‌ಗೆ ಕಟ್ಟಿದ ಬಿದಿರಿನ ನಕ್ಷತ್ರ ಒಂದು ಕಡೆ ವಾಲ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ, ಕೌಲ್ ಬಜಾರ್. ಅಪ್ಪ ಇದ್ದಾಗ ಡಿಸೆಂಬರ್ ಬಂತಂದ್ರೆ ಮೇದಾರರ ಹತ್ರ ಬಿದಿರು ಸೀಳಿಸಿ ತಂದು, ಮಾಳಿಗೆ ಮೇಲೆ ಕೂತು ನಕ್ಷತ್ರ ಕಟ್ಟೋರು. ನಾವು ಮೈದಾ ಅಂಟು ಕಲಸಿ ಕೊಡ್ತಿದ್ವಿ, ಅರ್ಧ ತಲೆಕೂದಲಿಗೇ ಹತ್ತೋದು. ಅಂಗಡಿ ನಕ್ಷತ್ರ ನಮ್ಮನೆಗೆ ಬಂದದ್ದೇ ಇಲ್ಲ. ಈ ಸಲ ಮಗಳ ಹಟಕ್ಕೆ ನಾನೇ ಕೂತೆ.

ಐದು ಮೂಲೆಯ ಎರಡು ಚೌಕಟ್ಟು ಮಾಡಿ, ತುದಿಗಳನ್ನ ಜೋಡಿಸಿ ಕಟ್ಟಿ, ಒಳಮೂಲೆಗಳಿಗೆ ಐದು ಅಡ್ಡಕಡ್ಡಿ ಕೊಟ್ಟೆ. ಆದರೂ ವಾಲುತ್ತೆ. ದಬ್ಬೆ ಎರಡೂವರೆ ಅಡಿ ಇದೆ, ಅಡ್ಡಕಡ್ಡಿ ಎಷ್ಟುದ್ದ ಇರಬೇಕು? ಗಾಳಿಪಟದ ಕಾಗದ ಬೇರೆ, ಅಂಟು ಒಣಗಿದ ಮೇಲೆ ಬಿಗಿದು ಹರೀತಿದೆ. ಬಲ್ಬು ಮಾತ್ರ ಎಲ್‌ಇಡಿನೇ ಹಾಕ್ತೀನಿ. ಹಳೇ ಬಲ್ಬಿನ ಕಾವಿಗೆ ಒಂದ್ಸಲ ಕಾಗದ ಸುಟ್ಟಿತ್ತು.

ಇನ್ನೊಂದು. ಗೋದಲಿಯ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಹುಲ್ಲಿಗೆ ಅಂತ ತಟ್ಟೆಯಲ್ಲಿ ರಾಗಿ ಚೆಲ್ಲಿದ್ದೆ, ಹತ್ತೇ ದಿನಕ್ಕೆ ಹಳದಿ ಆಯ್ತು. 24ರ ರಾತ್ರಿ ಬಾಲಯೇಸುವನ್ನ ಮಲಗಿಸುವಾಗ ಹಸಿರಿರಬೇಕಲ್ಲ. ಯಾವಾಗ ಬಿತ್ತಬೇಕು, ನೆರಳಲ್ಲಿಡಬೇಕಾ? ಅವ್ವನ್ನ ಕೇಳಿದ್ರೆ, "ಅಪ್ಪ ಇದ್ದಾಗ ಕಲೀಬೇಕಿತ್ತು" ಅಂತಾಳೆ.

ಗೊತ್ತಿರೋ ಅಕ್ಕ, ಅಣ್ಣಂದಿರು ಹೇಳ್ರಿ. ಕಟ್ಟಿದ್ದರ ಫೋಟೊ ಇದ್ರೆ ಹಾಕ್ರಿ, ಗಂಟು ಕಾಣೋ ಹಂಗೆ.