ಪ್ರಶ್ನೋತ್ತರ: ಮನೆಯ ಹಳೇ ಕಂಪ್ಯೂಟರ್‌ನಲ್ಲಿ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕಬಹುದಾ?

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿ, ಧಾರವಾಡ): ಸರ್, ನಮಸ್ಕಾರ್ರೀ. ನಮ್ಮಲ್ಲಿ ಹಳೇ ಐ5 ಡೆಸ್ಕ್‌ಟಾಪ್ ಇದೆ. ಗಿಂಪ್ಸ್ ಅಂದರೆ ಸ್ವಯಂಸೇವಕರ ಕಂಪ್ಯೂಟರ್‌ಗಳಿಂದ, 2ರ ಘಾತದಿಂದ 1 ಕಳೆದ ರೂಪದ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುವ ಯೋಜನೆ. ಅದಕ್ಕೆ ಸೇರಿ, ಅದರ ಪ್ರೈಮ್95 ತಂತ್ರಾಂಶ ಹಾಕಿ ಹಗಲು ರಾತ್ರಿ ಓಡಿಸಬೇಕು ಅಂತಿದ್ದೇನೆ. ಹೊಸ ಅವಿಭಾಜ್ಯ ಸಂಖ್ಯೆ ಸಿಕ್ಕರೆ 3,000 ಡಾಲರ್ ಬಹುಮಾನವಂತೆ. ಅಪ್ಪಾರು "ಮಷಿನ್ ಸುಟ್ಟು ಹೋಗುತ್ತೆ, ಕರೆಂಟ್ ಬಿಲ್ ಯಾರು ಕಟ್ಟಬೇಕು" ಅಂತಾರೆ. ಏನು ಮಾಡಲಿ?

ಉತ್ತರ (ಹುಬ್ಬಳ್ಳಿಯಲ್ಲಿ ಲ್ಯಾಬ್ ಮತ್ತು ಸರ್ವರ್ ನೋಡಿಕೊಳ್ಳುವವರು): ತಮ್ಮಾ, ಅಪ್ಪಾರ ಮಾತಿನಲ್ಲಿ ಬಿಲ್ಲಿನದು ಪೂರಾ ಖರೆ. ಸುಡುವುದು ಅರ್ಧ ಖರೆ.

ಮೊದಲು ಬಿಲ್ಲು. ಇಂಥ ಡೆಸ್ಕ್‌ಟಾಪ್ ಪೂರ್ತಿ ಕೆಲಸದಲ್ಲಿ 150 ವ್ಯಾಟ್ ಎಳೆಯುತ್ತದೆ ಅಂತ ಹಿಡಿ. ದಿನಕ್ಕೆ 3.6 ಯೂನಿಟ್, 30 ದಿನಕ್ಕೆ 108. ಯೂನಿಟ್‌ಗೆ 6 ರೂಪಾಯಿ ಅಂದರೂ ತಿಂಗಳಿಗೆ 650 ರೂಪಾಯಿ ಹತ್ತಿರ. ಆದರೆ ನಿಮ್ಮ ಮನೆ ಗೃಹಜ್ಯೋತಿಯಲ್ಲಿ ಇದ್ದರೆ ಲೆಕ್ಕವೇ ಬೇರೆ. ಈಗ 110 ಯೂನಿಟ್ ಬಳಸುತ್ತಿದ್ದೀರಿ ಅನ್ನು. ಈ 108 ಸೇರಿದರೆ 200 ದಾಟಿತು. ದಾಟಿದ ತಿಂಗಳು 18 ಯೂನಿಟ್‌ಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. 200ರ ಒಳಗೇ ಇದ್ದರೂ ನಿಮಗೆ ಗೊತ್ತು ಮಾಡಿದ ಮಿತಿ ಮೀರಿದ್ದಕ್ಕೆ ಹಣ ಬರುತ್ತದೆ. ಹೆಸ್ಕಾಂ ಬಿಲ್ ತೆಗೆದು ಅಪ್ಪಾರ ಮುಂದೆಯೇ ಈ ಲೆಕ್ಕ ಹಾಕು. ರಾತ್ರಿ 8 ತಾಸು ಮಾತ್ರ ಓಡಿಸಿದರೆ 36 ಯೂನಿಟ್. ನಾನಾದರೆ ಅಲ್ಲಿಂದ ಶುರು ಮಾಡುತ್ತಿದ್ದೆ.

ಇನ್ನು ಸುಡುವುದು. ಪ್ರೊಸೆಸರ್ ಜಾಸ್ತಿ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಮಷಿನ್ ಆಫ್ ಆಗುತ್ತದೆ. ನನಗೆ ಹೆದರಿಕೆ ಅಗ್ಗದ ಎಸ್‌ಎಂಪಿಎಸ್ (ಮಷಿನ್‌ಗೆ ಕರೆಂಟ್ ಒದಗಿಸುವ ಡಬ್ಬಿ) ಬಗ್ಗೆ. ಹಳೇ ಮಷಿನ್‌ನಲ್ಲಿ ಮೊದಲು ಕೈ ಕೊಡುವುದು ಹೆಚ್ಚಾಗಿ ಅದೇ. ಕ್ಯಾಬಿನೆಟ್ ಬಿಚ್ಚಿ ಬ್ಲೋವರ್ ಹೊಡೆಸು. ನಮ್ಮ ಕಡೆ ಧೂಳು ಹೇಗೆ ಕೂರುತ್ತೆ ಅಂತ ಗೊತ್ತೇ ಇದೆ ಅಲ್ವಾ. ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸು. ಆಮೇಲೆ ಒಂದು ತಾಸು ಓಡಿಸಿ ಉಷ್ಣಾಂಶ ನೋಡು. 80 ಡಿಗ್ರಿ ಒಳಗೆ ನಿಂತರೆ ಚಿಂತೆ ಬೇಡ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಬಂದ್ ಇಡು. ಲ್ಯಾಪ್‌ಟಾಪ್‌ನಲ್ಲಂತೂ ಈ ಕೆಲಸ ಬೇಡವೇ ಬೇಡ.

3,000 ಡಾಲರ್ ಲೆಕ್ಕದಲ್ಲಿ ಇಡಬೇಡ. ಗಿಂಪ್ಸ್ ಹಿಂದಿನ ದೊಡ್ಡ ಸಂಖ್ಯೆಯನ್ನು ಕಂಡದ್ದು 2018ರ ಡಿಸೆಂಬರ್‌ನಲ್ಲಿ. ಅದರ ನಂತರದ್ದು ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಸುಮಾರು ಆರು ವರ್ಷ ಜಗತ್ತಿನ ಅಷ್ಟೂ ಮಷಿನ್‌ಗಳಿಗೆ ಒಂದೂ ಸಿಗಲಿಲ್ಲ! 2024ರದ್ದು 2ರ 13,62,79,841ನೇ ಘಾತದಿಂದ 1 ಕಳೆದ ಸಂಖ್ಯೆ. ಬರೆದರೆ 4,10,24,320 ಅಂಕಿ. ಹುಡುಕಿದವರು ಲ್ಯೂಕ್ ಡುರಾಂಟ್, ಮೊದಲು ಗ್ರಾಫಿಕ್ಸ್ ಪ್ರೊಸೆಸರ್ ಕಂಪನಿ ಎನ್‌ವಿಡಿಯಾದಲ್ಲಿ ಕೆಲಸ ಮಾಡಿದವರು. 17 ದೇಶಗಳಲ್ಲಿ ಕ್ಲೌಡ್ ಮೂಲಕ ಗ್ರಾಫಿಕ್ಸ್ ಪ್ರೊಸೆಸರ್ ಓಡಿಸಿದ್ದರು. ಸಿಕ್ಕಿದ್ದು ಡಬ್ಲಿನ್‌ನಲ್ಲಿದ್ದ, ಎನ್‌ವಿಡಿಯಾದ ಎ100 ಅನ್ನುವ ಅಂಥ ಒಂದು ಪ್ರೊಸೆಸರ್‌ನಲ್ಲಿ. ಅಲ್ಲಿಯವರೆಗೆ ಗಿಂಪ್ಸ್‌ನಲ್ಲಿ ಗೆಲ್ಲುತ್ತಿದ್ದದ್ದು ಸಾಮಾನ್ಯ ಕಂಪ್ಯೂಟರ್‌ಗಳೇ. ನಿನ್ನ ಐ5 ಇಂಥವರ ಜೊತೆ ಪೈಪೋಟಿಗೆ ಇಳಿಯಬಾರದು. ಅದಕ್ಕೆ ಹೊಂದುವ ಬೇರೆ ಕೆಲಸ ಇದೆ.

ಪ್ರಶ್ನೆ (ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ, ಗದಗ): ನಡುವೆ ಕರೆಂಟ್ ಹೋದರೆ ಮಾಡಿದ ಕೆಲಸ ಎಲ್ಲಾ ಹೋಯ್ತಾ?

ಉತ್ತರ: ಇಲ್ರೀ. ಪ್ರೈಮ್95 ತಾನಾಗಿಯೇ 30 ನಿಮಿಷಕ್ಕೊಮ್ಮೆ ಕೆಲಸ ಉಳಿಸಿಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ಅಲ್ಲಿಂದಲೇ ಮುಂದೆ. ಇದಕ್ಕಾಗಿ ಯುಪಿಎಸ್ ತಗೋಬೇಡಿ.

ಪ್ರಶ್ನೆ (ಗಣಿತ ಶಿಕ್ಷಕರು, ಹಾವೇರಿ ಜಿಲ್ಲೆ): ನಮ್ಮ ಶಾಲೆಯ ಲ್ಯಾಬ್‌ನಲ್ಲಿ ಕಂಪ್ಯೂಟರ್‌ಗಳು ಸಂಜೆ ಮೇಲೆ ಸುಮ್ನೆ ಇರುತ್ತವೆ. ಪ್ರೈಮ್95 ಹಾಕಿಬಿಡಲಾ? ಮಕ್ಕಳಿಗೂ ಆಸಕ್ತಿ ಬರುತ್ತದೆ.

ಉತ್ತರ: ಸರ್, ಮುಖ್ಯೋಪಾಧ್ಯಾಯರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯದೆ ಒಂದು ಮಷಿನ್‌ಗೂ ಹಾಕಬೇಡಿ. 1998ರಲ್ಲಿ ಅಮೆರಿಕದ ಒಂದು ಫೋನ್ ಕಂಪನಿಯಲ್ಲಿ ಗುತ್ತಿಗೆ ಕೆಲಸದವರೊಬ್ಬರು ಕೇಳದೆ 2,585 ಕಂಪ್ಯೂಟರ್‌ಗಳನ್ನು ಇದೇ ಹುಡುಕಾಟಕ್ಕೆ ಹಚ್ಚಿದ್ದರು. ಗ್ರಾಹಕರಿಗೆ ಫೋನ್ ನಂಬರ್ ಹುಡುಕಿಕೊಡುವ ಕೆಲಸ ನಿಧಾನವಾಯಿತು. ಎಫ್‌ಬಿಐ ತನಿಖೆಗೆ ಬಂತು. ಕದಿಯುವ ಉದ್ದೇಶ ಇರಲಿಲ್ಲ, ಆದರೂ ಮಷಿನ್ ಅವರದ್ದಲ್ಲವಲ್ಲ.

ಮಕ್ಕಳಿಗೆ ಆಸಕ್ತಿ ಬರಲಿ ಅಂದರೆ ಕರಿಹಲಗೆ ಸಾಕು. 2ರ 7ನೇ ಘಾತದಿಂದ 1 ಕಳೆದರೆ 127. 4ರಿಂದ ಶುರು ಮಾಡಿಸಿ. ವರ್ಗ ಮಾಡು, 2 ಕಳೆ, 127ರಿಂದ ಭಾಗಿಸಿ ಶೇಷ ಇಟ್ಟುಕೊ. 14 ಬರುತ್ತದೆ. ಮತ್ತೆ ಅದೇ ಮಾಡಿದರೆ 67, ಆಮೇಲೆ 42, 111, ಕೊನೆಗೆ 0. ಘಾತಕ್ಕಿಂತ ಎರಡು ಕಡಿಮೆ, ಅಂದರೆ ಐದು ಸಲ ಮಾಡಿದಾಗ 0 ಬಂತು. ಹಾಗಾಗಿ 127 ಅವಿಭಾಜ್ಯ. ಇದೇ ಲೂಕಾಸ್-ಲೆಹ್ಮರ್ ಪರೀಕ್ಷೆ. 111ರ ವರ್ಗದಿಂದ 2 ಕಳೆದರೆ 12,319. ಅದು ಸರಿಯಾಗಿ 127ರ 97 ಪಟ್ಟು. ಹುಡುಗರು ಅಲ್ಲಿ ಖುಷಿಪಡುತ್ತಾರೆ. ಆಮೇಲೆ 11ನೇ ಘಾತಕ್ಕೆ ಮಾಡಿಸಿ. ಅಲ್ಲಿ ಸೊನ್ನೆ ಬರುವುದಿಲ್ಲ, ಯಾಕಂದರೆ 2,047 ಅಂದರೆ 23 ಗುಣಿಸು 89.

ಪ್ರಶ್ನೆ (ಗೋಕುಲ ರೋಡ್, ಹುಬ್ಬಳ್ಳಿ): ಇಷ್ಟೆಲ್ಲಾ ಮಾಡಿ ಉಪಯೋಗ ಏನ್ರೀ? ಬ್ಯಾಂಕಿನ ಭದ್ರತೆಗೆ ಬೇಕು ಅಂತಾರಲ್ಲ?

ಉತ್ತರ: ಅವಿಭಾಜ್ಯ ಸಂಖ್ಯೆ ಬೇಕು, ಆದರೆ ಇಷ್ಟು ದೊಡ್ಡವಲ್ಲ. ಮಾಹಿತಿ ಗುಪ್ತವಾಗಿಡುವ ಆರ್‌ಎಸ್‌ಎ ಪದ್ಧತಿಯ 2048 ಬಿಟ್‌ನ ಕೀಲಿಗೆ ತಲಾ 300 ಚಿಲ್ಲರೆ ಅಂಕಿಯ ಎರಡು ಸಾಕು. ಅವನ್ನು ನಿಮ್ಮ ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ಹುಡುಕುತ್ತದೆ. 4 ಕೋಟಿ ಅಂಕಿಯದ್ದರಿಂದ ಬ್ಯಾಂಕಿಗೆ ಏನೂ ಇಲ್ಲ.

ನಮ್ಮ ಧಂದೆಗೆ ಮಾತ್ರ ಇದೆ. ರಿಪೇರಿ ಆದ ಮಷಿನ್‌ಗೆ ನಾವು ಪ್ರೈಮ್95ರ ಟಾರ್ಚರ್ ಟೆಸ್ಟ್ ಹಚ್ಚುತ್ತೇವೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಕೊಟ್ಟು ತಾಳೆ ನೋಡುವುದು ಅಷ್ಟೇ. ರ‍್ಯಾಮ್ ಅಥವಾ ಕೂಲಿಂಗ್ ಕೆಟ್ಟಿದ್ದರೆ ಸಿಕ್ಕಿಬೀಳುತ್ತದೆ. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್‌ನಲ್ಲಿದ್ದ ದೋಷ 2016ರಲ್ಲಿ ಹೊರಬಿದ್ದದ್ದು ಗಿಂಪ್ಸ್‌ನವರ ಲೆಕ್ಕದಲ್ಲೇ. ಕೊನೆಗೆ ಬಯಾಸ್ (ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ಮೂಲಕ ಸರಿಮಾಡಿದರು.

ಪ್ರಶ್ನೆ (ಮೊದಲು ಕೇಳಿದ ವಿದ್ಯಾರ್ಥಿ): ಹಂಗಾದ್ರೆ ನನ್ನ ಐ5ಗೆ ಯಾವ ಕೆಲಸ ಸರಿ?

ಉತ್ತರ: ಗಿಂಪ್ಸ್‌ನಲ್ಲೇ ಇರಬೇಕು ಅಂದರೆ ಭಾಜಕ ಹುಡುಕುವ ಕೆಲಸ ತಗೋ, ಅಂದರೆ ಅದೇ ರೂಪದ ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಹುಡುಕುವುದು. ಇಸಿಎಂ ಅಂತ ಒಂದು ಆಯ್ಕೆ ಇದೆ, ಸಣ್ಣ ಘಾತಗಳ ಮೇಲೆ ನಡೆಯುತ್ತದೆ, ಹಳೇ ಮಷಿನ್‌ಗೂ ಒಗ್ಗುತ್ತದೆ. ಭಾಜಕ ಸಿಕ್ಕರೆ ಅದು ನಿನ್ನ ಖಾತೆಯ ಹೆಸರಿನಲ್ಲೇ ದಾಖಲಾಗುತ್ತದೆ.

ನಿನಗೆ ಅವಿಭಾಜ್ಯವೇ ಸಿಗಬೇಕು ಅಂತ ಹಟ ಇದ್ದರೆ ಪ್ರೈಮ್‌ಗ್ರಿಡ್ ಅನ್ನುವ ಇನ್ನೊಂದು ಯೋಜನೆ ನೋಡು. 2005ರಿಂದ ಇದೆ, ಬಾಯಿಂಕ್ ತಂತ್ರಾಂಶದಲ್ಲಿ ಓಡುತ್ತದೆ. ಅಲ್ಲಿ ಬೇರೆ ಬೇರೆ ಗಾತ್ರದ ಹುಡುಕಾಟಗಳಿವೆ. ಚಿಕ್ಕದನ್ನು ಆರಿಸಿದರೆ ಒಂದು ಪರೀಕ್ಷೆ ಬೇಗ ಮುಗಿಯುತ್ತದೆ, ಸಿಗುವ ಸಂಭವವೂ ಜಾಸ್ತಿ. ದಾಖಲೆ ಆಗುವುದಿಲ್ಲ, ಹಣವೂ ಇಲ್ಲ. ಬಾಯಿಂಕ್‌ನಲ್ಲಿ ಇನ್ನೊಂದು ಅನುಕೂಲ: ಯಾವ ತಾಸಿನಿಂದ ಯಾವ ತಾಸಿನವರೆಗೆ ಓಡಬೇಕು, ಎಷ್ಟು ಕೋರ್ ಬಳಸಬೇಕು ಅಂತ ಹೇಳಿಡಬಹುದು. ರಾತ್ರಿ 10ರಿಂದ ಬೆಳಿಗ್ಗೆ 6, ಇರುವ ಕೋರ್‌ಗಳಲ್ಲಿ ಅರ್ಧದಷ್ಟು. ಒಂದು ಬಿಲ್ ಬರುವವರೆಗೆ ಹಾಗೇ ಬಿಡು. ಬಿಲ್ ನೋಡಿ ಅಪ್ಪಾರು ಏನಂದರು ಅಂತ ಇಲ್ಲೇ ಬರಿ, ಆಮೇಲೆ ಉಳಿದ ಕೋರ್‌ಗಳ ಮಾತು.